ಬರೆಯಬಾರದ ಹೆಸರು

ನ್ಯಾಯಶಾಸ್ತ್ರ ಓದುತ್ತಿರುವ ನನ್ನ ಮೊಮ್ಮಗಳು ಮೊನ್ನೆ ಪರೀಕ್ಷೆಗೆಂದು ಗಟ್ಟಿಯಾಗಿ ಪಾಠ ಒಪ್ಪಿಸುತ್ತ, ಒಬ್ಬ ಹೆಣ್ಣುಮಗಳ ಹೆಸರಿನಿಂದ ಕರೆಯುವ ಮೊಕದ್ದಮೆಯೊಂದನ್ನು ಮೂರು ನಾಲ್ಕು ಸಲ ಹೇಳಿದಳು. ಅದೇ ಉಸಿರಿನಲ್ಲಿ, ಅತ್ಯಾಚಾರಕ್ಕೆ ಒಳಗಾದವಳ ಹೆಸರನ್ನು ಪ್ರಕಟಿಸುವುದು ಅಪರಾಧವೆಂಬ ಕಲಮನ್ನೂ ಒಪ್ಪಿಸಿದಳು. ಆ ಮೇಲೆ ಕೈಯಲ್ಲಿದ್ದ ಪತ್ರಿಕೆ ನನ್ನಿಂದ ಓದಲಾಗಲಿಲ್ಲ.

ಆ ಮೊಕದ್ದಮೆ 1972ನೆಯ ಇಸವಿಯದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬುಡಕಟ್ಟಿನ ಹುಡುಗಿ. ವೈದ್ಯರ ಅಂದಾಜಿನಂತೆ ವಯಸ್ಸು 14ರಿಂದ 16. ಅಣ್ಣ ಕೊಟ್ಟ ದೂರಿನ ವಿಚಾರಣೆಗೆಂದು ರಾತ್ರಿ ಠಾಣೆಗೆ ಹೋದವಳ ಮೇಲೆ ಇಬ್ಬರು ಪೋಲೀಸರು ಕೈಮಾಡಿದರೆಂಬುದು ಆರೋಪ. 1974ರಲ್ಲಿ ಸೆಷನ್ಸ್ ನ್ಯಾಯಾಲಯ ಅವರನ್ನು ಬಿಟ್ಟಿತು. 1976ರಲ್ಲಿ ಉಚ್ಚ ನ್ಯಾಯಾಲಯ ಶಿಕ್ಷಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕೂಗಿದ್ದಕ್ಕೆ ಸಾಕ್ಷ್ಯವಿಲ್ಲ, ಆದ್ದರಿಂದ ಬಲಾತ್ಕಾರವಲ್ಲವೆಂಬ ತರ್ಕ. ಆಕೆಯ ದೇಹವನ್ನು ಪರೀಕ್ಷಿಸಿದ ವೈದ್ಯರು ಕಂಡದ್ದೆಲ್ಲವೂ ತೀರ್ಪಿನಲ್ಲಿ ಅಚ್ಚಾಯಿತು, ಹೆಸರಿನ ಸಮೇತ.

1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮಹಿಳಾ ಸಂಘಗಳು ಬೀದಿಗಿಳಿದವು. ಆ ಹೆಸರು ಮನೆಮಾತಾಯಿತು. ಅವರ ಉದ್ದೇಶ ನಿರ್ಮಲ. ಆದರೆ ಹುಡುಗಿಯ ಒಪ್ಪಿಗೆ ಕೇಳುವ ಯೋಚನೆ ಆಗ ಯಾರಿಗೂ ಬಂದಂತಿಲ್ಲ. ನಾನೂ ಸ್ನೇಹಿತರೊಡನೆ ವಾದಿಸುವಾಗ ಆ ಹೆಸರನ್ನೇ ಹಿಡಿದು ಮಾತಾಡಿದವನು.

ಆ ಚಳವಳಿಯ ಫಲವಾಗಿ 1983ರಲ್ಲಿ ದಂಡಸಂಹಿತೆಗೆ 228-ಎ ಕಲಮು ಸೇರಿತು. ಹೆಸರನ್ನಾಗಲಿ ಗುರುತು ಹತ್ತಿಸುವ ವಿವರವನ್ನಾಗಲಿ ಅಚ್ಚುಮಾಡಿದರೆ ಎರಡು ವರ್ಷದವರೆಗೆ ಸಜೆ, ಜತೆಗೆ ಜುಲ್ಮಾನೆ. ಇಂಥ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕೆಂಬ ನಿಯಮವೂ ಆಗಲೇ ಬಂತು.

ಆದರೆ ಕಲಮಿನ ಕೊನೆಗೊಂದು ವಿವರಣೆ ಇತ್ತು. ಉಚ್ಚ, ಸರ್ವೋಚ್ಚ ನ್ಯಾಯಾಲಯಗಳ ತೀರ್ಪನ್ನು ಅಚ್ಚುಮಾಡುವುದು ಈ ಅಪರಾಧವಾಗದು! ಪತ್ರಕರ್ತನ ಬಾಯಿಗೆ ಬೀಗ. ಆ ಹೆಸರು ಯಾವ ಪುಟದಲ್ಲಿ ಶಾಶ್ವತವಾಗಿ ಕೂತಿತ್ತೋ ಅದಕ್ಕೆ ಮಾತ್ರ ವಿನಾಯಿತಿ. ಸಂಸತ್ತು ಇದನ್ನು ಅರಿತೇ ಮಾಡಿರಬೇಕು. ತೀರ್ಪು ಗುಟ್ಟಾಗಿರಬಾರದೆಂಬ ತತ್ತ್ವವೂ ಸಣ್ಣದಲ್ಲ.

1996ರ ಒಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಬಗ್ಗೆ ಎಚ್ಚರಿಕೆ ಹೇಳಿತು. 2003ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಸಲ್ಲಿಸಿದ್ದ ಮೇಲ್ಮನವಿಯ ತೀರ್ಪು ಇನ್ನೂ ಸ್ಪಷ್ಟ: ಕಲಮು ವಿನಾಯಿತಿ ಕೊಟ್ಟಿದ್ದರೂ, ಸಮಾಜ ಆಕೆಯನ್ನು ಹೊರಗಿಡದಂತೆ ಕಾಯುವುದೇ ಅದರ ಆಶಯವಾದ್ದರಿಂದ, ಯಾವ ನ್ಯಾಯಾಲಯದ ತೀರ್ಪಿನಲ್ಲೂ ಹೆಸರು ಬರುವುದು ಬೇಡ. 2018ರ ಡಿಸೆಂಬರಿನ ತೀರ್ಪು ಸತ್ತವಳಿಗೂ ಈ ಮರೆಯನ್ನು ವಿಸ್ತರಿಸಿತು. 2024ರ ಜುಲೈ 1ರಿಂದ ಹಳೆಯ ಕಲಮಿನ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯ 72ನೆಯ ಕಲಮು ಇದೆ. ಚಂದ್ರಪುರದ ಹುಡುಗಿಗೆ ಇವು ಯಾವುವೂ ಒದಗಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. "ಹಾಗಾದರೆ ಉತ್ತರದಲ್ಲಿ ಏನೆಂದು ಬರೆಯಲಿ?" ಎಂದಳು. ಕಾನೂನು ವರದಿಯಲ್ಲಿ ಮೊಕದ್ದಮೆಯ ನಿಜವಾದ ಶೀರ್ಷಿಕೆ ಆರೋಪಿಯ ಹೆಸರಿನಲ್ಲಿದೆ, ಅದನ್ನೇ ಬರೆ ಎಂದೆ.

"ಅದು ಯಾರಿಗೂ ನೆನಪಿಲ್ಲ, ತಾತ," ಎಂದಳು.