ಮಲೆನಾಡಿನ ಅಣಬೆ – ಒಂದು ಹಿನ್ನೋಟ

ಪೇಟೆಯಲ್ಲಿ ಖಾಸಗಿ ಶಾಲೆ, ನರ್ಸಿಂಗ್ ಹೋಮುಗಳು ಹೆಚ್ಚಾದರೆ ಪತ್ರಿಕೆಯವರು "ನಾಯಿಕೊಡೆಗಳಂತೆ ತಲೆಯೆತ್ತಿವೆ" ಎಂದು ಬರೆಯುತ್ತಾರೆ. ಮಲೆನಾಡಿನವರಿಗೆ ಇದನ್ನು ಓದಿದರೆ ಸ್ವಲ್ಪ ನಗು ಬರುತ್ತದೆ. ಯಾಕೆಂದರೆ ನಮ್ಮಲ್ಲಿ ನಾಯಿಕೊಡೆ ಬೇರೆ, ಅಣಬೆ ಬೇರೆ. ತಿನ್ನಬಾರದ್ದು ನಾಯಿಕೊಡೆ, ಮಕ್ಕಳು ಅದನ್ನು ಕಾಲಲ್ಲಿ ಒದ್ದು ಮುಂದೆ ಹೋಗುತ್ತಾರೆ. ತಿನ್ನುವುದು ಅಣಬೆ, ಅದು ಎದ್ದಿದೆ ಅಂತ ಗೊತ್ತಾದರೆ ನಟ್ಟಿ ಗದ್ದೆಯಲ್ಲಿ ಬಗ್ಗಿದವರೂ ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾರೆ. ನೋಡಲು ಅಕ್ಕತಂಗಿಯರಂತಿರುವ ಈ ಎರಡರ ನಡುವೆ ಗೆರೆ ಎಳೆದವರು ಯಾರು, ಎಷ್ಟು ತಲೆಮಾರು ಹಿಡಿಯಿತು, ಆ ಗೆರೆ ಕಲಿಯುವಾಗ ಎಷ್ಟು ಜೀವ ಹೋದವು ಎಂಬುದು ಯಾವ ಶಾಸನದಲ್ಲೂ ಇಲ್ಲ. ಆದರೂ ಅದು ಚರಿತ್ರೆಯೇ ಹೌದು.

ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದು ಅಲ್ಪ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲೇ ಅಣಬೆಯನ್ನೂ ಸೇರಿಸಿ ದ್ವಿಜರು ತಿನ್ನಬಾರದು ಎಂದಿದೆ. ಆದರೆ ವೈದ್ಯರ ದೃಷ್ಟಿ ಬೇರೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಹುಲ್ಲಿನ ಮೇಲೆ, ಕಬ್ಬಿನ ಮೇಲೆ, ಸಗಣಿಯಲ್ಲಿ, ಬಿದಿರಿನಲ್ಲಿ, ನೆಲದಲ್ಲಿ ಏಳುವ ಅಣಬೆಗಳನ್ನು ಬೇರೆ ಬೇರೆಯಾಗಿ ಹೇಳಿದೆ. ಎಲ್ಲಿ ಎದ್ದಿತು ಎನ್ನುವುದರ ಮೇಲೆ ಗುಣ ಹೇಳುವ ಆ ಕ್ರಮ ನಮ್ಮ ಅಜ್ಜಿಯಂದಿರ ಕ್ರಮಕ್ಕೆ ಬಹಳ ಹತ್ತಿರ. ಜೈನರಲ್ಲೂ ಅಣಬೆ ವರ್ಜ್ಯ. ಹಾಗಾಗಿ ನಮ್ಮ ಸೀಮೆಯಲ್ಲಿ ಓದು ಬರಹ ಇದ್ದ ಮನೆಗಳು ಹೆಚ್ಚಾಗಿ ಅಣಬೆ ತಿನ್ನಲಿಲ್ಲ. ತಿಂದ ಒಕ್ಕಲಿಗರು, ದೀವರು, ಹಸಲರು, ಗದ್ದೆ ಕೆಲಸದ ಹೆಂಗಸರು ಬರೆದಿಡಲಿಲ್ಲ. ಅವರು ಹೆಸರು ಇಟ್ಟರು, ಜಾಗ ನೆನಪಿಟ್ಟರು, ಅಷ್ಟೆ.

ಹೆಸರುಗಳು ಘಟ್ಟದಿಂದ ಘಟ್ಟಕ್ಕೆ ಬದಲಾಗುತ್ತವೆ. ನಾವು ಅಣಬೆ ಅನ್ನುವುದನ್ನು ತುಳುವರು ಅಲಂಬು ಅನ್ನುತ್ತಾರೆ, ಕೊಡವರು ಕುಮ್ಮ್ ಅನ್ನುತ್ತಾರೆ. ವರ್ಷದಲ್ಲಿ ಮೊದಲು ಬರುವುದು ಕಲ್ಲಣಬೆ, ತುಳುವಿನ ಕಲ್ಲಲಂಬು. ಇದಕ್ಕೆ ಕೊಡೆಯೂ ಇಲ್ಲ, ಕಾಲೂ ಇಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜಂಬಿಟ್ಟಿಗೆ ನೆಲದಲ್ಲಿ, ಕಾಡುಮರದ ಬುಡದ ಆಸುಪಾಸಿನಲ್ಲಿ ಗೋಲಿಯಷ್ಟು ಗಾತ್ರದ ಉಂಡೆಗಳಾಗಿ ಮಣ್ಣಿನಡಿ ಕೂತಿರುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ಕಡ್ಡಿಯಲ್ಲಿ ಕೆದಕಿದಾಗ ಸಿಗುತ್ತದೆ. ನಾಲ್ಕಾರು ನೀರಿನಲ್ಲಿ ತಿಕ್ಕಿ ತೊಳೆದು, ಒಂದೊಂದನ್ನೂ ಎರಡು ಹೋಳು ಮಾಡಿ ನೋಡಬೇಕು. ಒಳಗೆ ಬೆಳ್ಳಗಿದ್ದರೆ ಸಾರಿಗೆ, ಕಪ್ಪಾಗಿದ್ದರೆ ತಿಪ್ಪೆಗೆ. ಬಲಿತದ್ದು ಒಳಗೆ ಬರೀ ಹುಡಿ. ಹದವಾದದ್ದು ಹಲ್ಲಿಗೆ ಸಿಕ್ಕಿದರೆ ಹೊರಗಿನ ಸಿಪ್ಪೆ ಕಟುಕ್ ಅನ್ನುತ್ತದೆ, ಒಳಗಿನದು ಬೆಣ್ಣೆ. ಕರಾವಳಿಯ ಪೇಟೆಗಳಲ್ಲಿ ಮೊದಲ ಮಳೆಯ ಕಲ್ಲಣಬೆಗೆ ಕೋಳಿಗಿಂತ ಹೆಚ್ಚು ಕ್ರಯ. ಛತ್ತೀಸಗಢದ ಬಸ್ತರ್‌ನಲ್ಲಿ ಬೋಡಾ, ಝಾರ್ಖಂಡಿನಲ್ಲಿ ರುಗ್ಡಾ ಅಂತ ಸಾಲ ಮರದ ಕಾಡಿನಿಂದ ಆಯ್ದು ಮಾರುವುದೂ ಇದೇ ಕುಲದ್ದು.

ಆದರೆ ಮಲೆನಾಡಿನಲ್ಲಿ ಅಣಬೆ ಅಂದರೆ ಮುಖ್ಯವಾಗಿ ಹುತ್ತದ್ದು. ದೊಡ್ಡದನ್ನು ಹೆಗ್ಗಲಣಬೆ ಅನ್ನುವವರೂ ಉಂಟು. ಮೃಗಶಿರಾ, ಆರಿದ್ರಾ ಮಳೆ ಹಿಡಿದು, ನಡುವೆ ಒಂದು ದಿನ ಬಿಸಿಲು ಕಾಸಿ, ರಾತ್ರಿ ಗುಡುಗಿದರೆ ಬೆಳಿಗ್ಗೆ ಹಾಡ್ಯದ ಕಡೆ ಹೋಗಬೇಕು ಅಂತ ಲೆಕ್ಕ. ಗುಡುಗಿಗೂ ಅಣಬೆಗೂ ಏನು ಸಂಬಂಧ ಅಂತ ನಗುವವರಿದ್ದರು. ಜಪಾನಿನ ಇವಾಟೆ ವಿಶ್ವವಿದ್ಯಾನಿಲಯದವರು ಅಣಬೆ ಬೆಳೆಸುವ ಕೊರಡುಗಳಿಗೆ ಕೃತಕ ಸಿಡಿಲಿನಂಥ ವಿದ್ಯುತ್ ಹಾಯಿಸಿ, ಕೆಲವು ಜಾತಿಗಳಲ್ಲಿ ಫಸಲು ಹೆಚ್ಚಾದದ್ದನ್ನು ತೋರಿಸಿದ್ದಾರೆ. ಅದು ನಮ್ಮ ಹುತ್ತದ ಅಣಬೆಗೂ ಸಲ್ಲುತ್ತದೆ ಎಂದಲ್ಲ, ನಕ್ಕವರು ಸ್ವಲ್ಪ ಮೆಲ್ಲಗೆ ನಗಬಹುದು ಎಂದಷ್ಟೆ.

ಹುತ್ತದೊಳಗಿನ ಸಂಗತಿ ಗುಡುಗಿಗಿಂತ ದೊಡ್ಡ ಬೆರಗು. ಒಂದು ಬಗೆಯ ಗೆದ್ದಲು, ನಮ್ಮ ಕಡೆಯ ಒರಲೆ, ತರಗು ಕಡ್ಡಿಗಳನ್ನು ತಿಂದು ಹಾಕಿದ ಹಿಕ್ಕೆಯಿಂದ ಜೇನುಹಟ್ಟಿಯ ಹಾಗೆ ತೂತು ತೂತಾದ ರೊಟ್ಟು ಕಟ್ಟುತ್ತದೆ. ಅದರಲ್ಲಿ ಅಣಬೆಯ ಬೂಷ್ಟು ಬೆಳೆಯುತ್ತದೆ. ಗೆದ್ದಲಿಗೆ ಜೀರ್ಣವಾಗದ್ದನ್ನು ಬೂಷ್ಟು ಕರಗಿಸಿ ಕೊಡುತ್ತದೆ, ಬೂಷ್ಟಿಗೆ ಮೇವು, ಬೆಚ್ಚನೆಯ ಜಾಗ ಗೆದ್ದಲು ಕೊಡುತ್ತದೆ. ಈ ಕೂಡು ವ್ಯವಸಾಯ ಸುಮಾರು ಮೂರು ಕೋಟಿ ವರ್ಷ ಹಳೆಯದು ಎನ್ನುತ್ತಾರೆ. ಮಳೆಗಾಲದಲ್ಲಿ ಆ ಬೂಷ್ಟೇ ಉದ್ದ ಬೇರಿನಂಥ ಕಾಲನ್ನು ಮಣ್ಣಿನ ಮೂಲಕ ಮೇಲಕ್ಕೆ ತಳ್ಳಿ ಕೊಡೆ ಬಿಚ್ಚುತ್ತದೆ. ಅದಕ್ಕೇ ಹುತ್ತದ ಅಣಬೆ ಕೀಳುವಾಗ ಕಾಲು ಎಷ್ಟು ಎಳೆದರೂ ಮುಗಿಯುವುದಿಲ್ಲ. ಅಕ್ಕಿ ಚೆಲ್ಲಿದ ಹಾಗೆ ನೂರಾರು ಪುಟ್ಟವು ಒಟ್ಟಿಗೆ ಏಳುವ ಇನ್ನೊಂದು ಜಾತಿಯುಂಟು. ಗೆದ್ದಲು ತನ್ನ ರೊಟ್ಟಿನ ಚೂರುಗಳನ್ನು ಮೇಲೆ ತಂದು ಹರಡಿದಾಗ ಏಳುವುದು ಅದು. ಫ್ರಾನ್ಸಿನ ರೋಜೆ ಹೈಮ್ ಎಂಬ ವಿಜ್ಞಾನಿ ಈ ಕುಲಕ್ಕೆ 1942ರಲ್ಲಿ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟ. ನಮ್ಮವರು ಅದಕ್ಕೆ ಎಷ್ಟೋ ಮೊದಲೇ ಹುತ್ತದ ಅಣಬೆ ಎಂದಿದ್ದರು. ಅರ್ಥ ಹೆಚ್ಚು ಕಡಿಮೆ ಒಂದೇ.

ಇದರ ಸುತ್ತ ಕೆಲವು ಕಟ್ಟಳೆಗಳಿದ್ದವು. ಹುತ್ತವನ್ನು ಗುದ್ದಲಿಯಲ್ಲಿ ಅಗೆಯಬಾರದು, ಅದು ನಾಗಪ್ಪನ ಜಾಗ. ಪೂರ್ತಿ ಬೋಳು ಮಾಡಬಾರದು, ಒಂದೆರಡು ಅರಳಿದ್ದನ್ನು ಬಿಟ್ಟು ಬರಬೇಕು. ಜಾಗವನ್ನು ನೆಂಟರಿಗೂ ಹೇಳಬಾರದು. (ಮೂರನೆಯದನ್ನು ಜನ ಬಹಳ ನಿಷ್ಠೆಯಿಂದ ಪಾಲಿಸಿದರು.) ಎರಡನೆಯದಕ್ಕೆ ಕಾರಣ ಈಗ ತಿಳಿದಿದೆ. ಹೊಸ ಗೂಡು ಕಟ್ಟುವ ಗೆದ್ದಲು ಹೆಚ್ಚಿನ ಜಾತಿಗಳಲ್ಲಿ ಅಣಬೆಯ ಬೀಜದ ಹುಡಿಯನ್ನು ಹೊರಗಿನಿಂದಲೇ ಹುಡುಕಿ ತರಬೇಕು. ಅರಳಲು ಬಿಡದೆ ಎಲ್ಲಾ ಕಿತ್ತರೆ ಆ ಹುಡಿ ಎಲ್ಲಿಂದ ಬರಬೇಕು?

ಅಡಿಗೆಯ ವಿಷಯ. ಕಂಬಳಿ ಕೊಪ್ಪೆ, ಗೊರಬು ಹಾಕಿಕೊಂಡು ಹೋದವರು ಕುಕ್ಕೆಯಲ್ಲಿ ತಂದದ್ದನ್ನು ಅಂದೇ ಬೇಯಿಸಬೇಕು. ಮರುದಿನಕ್ಕೆ ಹುಳ ಬೀಳುತ್ತದೆ. ಕಾಲಿನ ಮಣ್ಣು ಹೆರೆದು, ಕೊಡೆಯ ಮೇಲಿನ ಸಿಪ್ಪೆ ಸುಲಿದು, ಚಾಕು ಮುಟ್ಟಿಸದೆ ಕೈಯಲ್ಲೇ ಸೀಳುವುದು ವಾಡಿಕೆ. ಕೊತ್ತಂಬರಿ, ಜೀರಿಗೆ, ಒಣಮೆಣಸು ಹುರಿದು ತೆಂಗಿನಕಾಯಿ, ಬೆಳ್ಳುಳ್ಳಿ ಜೊತೆ ಅರೆದು ಮಾಡಿದ ಸಾರು. ಜೊತೆಗೆ ಬಿಸಿ ಕಡುಬು ಅಥವಾ ಅಕ್ಕಿರೊಟ್ಟಿ. ನೀರು ಹಾಕುವಾಗ ಕೈ ಬಿಗಿ ಇರಬೇಕು, ಅಣಬೆಯೇ ನೀರು ಬಿಡುತ್ತದೆ. ಮೀನು, ಮಾಂಸ ಸುಲಭಕ್ಕೆ ಸಿಗದ ಜಡಿಮಳೆಯ ದಿನಗಳಲ್ಲಿ ಇದೇ ಬಾಡೂಟ. ಸಿಕ್ಕಿದ್ದು ನಾಲ್ಕೇ ಆದರೆ ಬಾಳೆಲೆಯಲ್ಲಿ ಉಪ್ಪು, ಜೀರಿಗೆ ಮೆಣಸು ಸೇರಿಸಿ ಸುತ್ತಿ ಕೆಂಡದಲ್ಲಿ ಇಡುವುದು, ಅದು ಮಕ್ಕಳ ಪಾಲು. ಕೊಡಗಿನಲ್ಲಿ ಕುಮ್ಮ್ ಕರಿಗೆ ಕಾಚಂಪುಳಿ ಬೀಳುತ್ತದೆ, ಜೊತೆಗೆ ಅಕ್ಕಿ ಒಟ್ಟಿ. ಅಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳ ಊಟದಲ್ಲಿ ಕಳಲೆ, ಮದ್ದುಸೊಪ್ಪಿನ ಪಕ್ಕದಲ್ಲೇ ಅಣಬೆಗೂ ಎಲೆಯಲ್ಲಿ ಜಾಗವಿದೆ.

ಇಷ್ಟು ರುಚಿಯ ಪಕ್ಕದಲ್ಲೇ ಸಾವು ಕೂತಿರುತ್ತದೆ. ವಿಷದ ಅಣಬೆ ಗುರುತಿಸಲು ಬೆಳ್ಳಿ ನಾಣ್ಯ ಹಾಕಿ ನೋಡು, ಬೆಳ್ಳುಳ್ಳಿ ಕಪ್ಪಾಗುತ್ತದೋ ನೋಡು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅಂತ ಹೇಳುವವರಿದ್ದಾರೆ. ಮೂರೂ ಸುಳ್ಳು. ಅತಿ ಕೆಟ್ಟ ಜಾತಿಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದು ಆರೇಳು ಗಂಟೆ, ಕೆಲವೊಮ್ಮೆ ಅರ್ಧ ದಿನ ಏನೂ ಆಗದೆ, ಆಮೇಲೆ ವಾಂತಿ ಭೇದಿ ಶುರುವಾಗುತ್ತದೆ. ಮಧ್ಯೆ ಒಂದು ದಿನ ಗುಣವಾದಂತೆ ಕಂಡು, ನಂತರ ಪಿತ್ತಜನಕಾಂಗ ಕೈಕೊಡುತ್ತದೆ. "ಈಗ ವಾಸಿ" ಅಂತ ಆಸ್ಪತ್ರೆಗೆ ಹೋಗದೆ ಉಳಿಯುವುದೇ ಹೆಚ್ಚು ಅಪಾಯ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು. ಹೆಚ್ಚಿನವರು ಚಹಾ ತೋಟದ ಕೆಲಸಗಾರರ ಮನೆಯವರು.

ಹಾಗಾದರೆ ನಮ್ಮ ಹಿರಿಯರು ಹೇಗೆ ಬದುಕಿದರು? ಅವರಿಗೆ ಎಲ್ಲಾ ಅಣಬೆ ಗೊತ್ತಿರಲಿಲ್ಲ. ಐದಾರು ಮಾತ್ರ ಗೊತ್ತಿತ್ತು, ಅವನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅದೂ ಇಂಥ ಹುತ್ತ, ಇಂಥ ಮರದ ಬುಡ, ಇಂಥ ಮಳೆ ಎಂಬ ಲೆಕ್ಕದಲ್ಲಿ. ಆ ತಿಳುವಳಿಕೆ ಬಹಳ ಇಕ್ಕಟ್ಟಿನದು, ಇಕ್ಕಟ್ಟಾಗಿದ್ದರಿಂದಲೇ ಭದ್ರವಾಗಿತ್ತು. ಅದನ್ನು ಗಂಟು ಕಟ್ಟಿಕೊಂಡು ಇನ್ನೊಂದು ಸೀಮೆಗೆ ಹೋಗಲಾಗದು. ಈಗ ನಮ್ಮ ಕಾಫಿ ತೋಟಗಳಿಗೆ ಅಸ್ಸಾಂ, ಝಾರ್ಖಂಡಿನಿಂದ ಕೆಲಸಕ್ಕೆ ಜನ ಬರುತ್ತಿದ್ದಾರೆ. ಅವರೂ ಅಣಬೆ ಬಲ್ಲವರೇ, ಆದರೆ ತಮ್ಮೂರಿನ ಅಣಬೆ. ಇತ್ತ ನಮ್ಮ ಮಕ್ಕಳು ಬೆಂಗಳೂರಿನಿಂದ ರಜೆಗೆ ಬಂದು ಮೊಬೈಲಿನ ಚಿತ್ರಕ್ಕೆ ಹೋಲಿಸಿ "ಇದು ತಿನ್ನೋದಾ ಅಜ್ಜಿ?" ಅಂತ ಕೇಳುತ್ತಾರೆ. ಅಜ್ಜಿ ಇರುವ ತನಕ ಅಡ್ಡಿಯಿಲ್ಲ.

ಜಾಗವೂ ಉಳಿದಿಲ್ಲ. ಗೆದ್ದಲು ಅಂದರೆ ಶತ್ರು ಎಂದೇ ನಾವು ಕಲಿತೆವು. 1997ರಲ್ಲಿ ನಿಷೇಧವಾಗುವ ತನಕ ಬಿ.ಎಚ್.ಸಿ. ಪುಡಿಯನ್ನು ಗದ್ದೆ ತೋಟಕ್ಕೆ ಧಾರಾಳವಾಗಿ ಎರಚಿದ್ದಾಯಿತು. ಊರೂರಿನ ಸೊಸೈಟಿಗಳ ಗೋದಾಮಿನಲ್ಲೂ ಅದರ ಚೀಲಗಳಿರುತ್ತಿದ್ದವು. ಆಮೇಲೆ ಶುಂಠಿ ಬಂತು, ಜೆ.ಸಿ.ಬಿ. ಬಂತು. ಗುದ್ದಲಿ ತಾಗಿಸಲು ಹೆದರುತ್ತಿದ್ದ ಹುತ್ತವನ್ನು ಯಂತ್ರ ಐದು ನಿಮಿಷದಲ್ಲಿ ಮಟ್ಟ ಮಾಡುತ್ತದೆ. ಯಂತ್ರಕ್ಕೆ ನಾಗಪ್ಪನ ಹೆದರಿಕೆ ಇಲ್ಲ.

ಬರೆದಿಡುವ ಕೆಲಸ ತಡವಾಗಿಯಾದರೂ ಶುರುವಾಗಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಕೆ.ಆರ್. ಶ್ರೀಧರ್ ಮತ್ತು ಎನ್.ಸಿ. ಕರುಣ್ ಅವರು 2010ರ ದಶಕದಲ್ಲಿ ಪಶ್ಚಿಮಘಟ್ಟ, ಕರಾವಳಿಯ ಅಣಬೆಗಳ ಮೇಲೆ ಕೆಲಸ ಮಾಡುವಾಗ ಸ್ಥಳೀಯ ಜನರ ತಿಳುವಳಿಕೆಯನ್ನೂ ದಾಖಲಿಸಿದ್ದಾರೆ. ಬೆಳೆಸಿ ತಿನ್ನುತ್ತೇವೆ ಎನ್ನುವವರಿಗೆ ಚಿಪ್ಪಣಬೆ ಇದೆ. ಬಿತ್ತನೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ, ನಮ್ಮ ಗದ್ದೆಯ ಒಣಹುಲ್ಲೇ ಸಾಕು, ಸ್ತ್ರೀಶಕ್ತಿ ಸಂಘದವರು ಚೆನ್ನಾಗಿಯೇ ಬೆಳೆಯುತ್ತಿದ್ದಾರೆ. ಹುತ್ತದ ಅಣಬೆಯನ್ನು ಮಾತ್ರ ಲಾಭಕ್ಕೆ ಬೆಳೆಸಲು ಇದುವರೆಗೆ ಯಾರಿಗೂ ಸಾಧ್ಯವಾಗಿಲ್ಲ. ಅದರ ಬೇಸಾಯ ಗೊತ್ತಿರುವುದು ಒರಲೆಗೆ ಮಾತ್ರ.