ಪೆನಾಂಗ್: ಯುದ್ಧದ ಕಡಲಿನಲ್ಲೊಂದು ಹಾಯಿಹಡಗು

1940ರ ಡಿಸೆಂಬರ್ 8ರಂದು, ಐರ್ಲೆಂಡಿನ ವಾಯವ್ಯ ಕಡಲಿನಲ್ಲಿ, ಜರ್ಮನ್ ಜಲಾಂತರ್ಗಾಮಿ ಯು-140 ಬಿಟ್ಟ ಟಾರ್ಪೆಡೊಗೆ ‘ಪೆನಾಂಗ್’ ಮುಳುಗಿತು. ಹಡಗಿನಲ್ಲಿದ್ದ 18 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಮೂರು ಹಾಯಿಕಂಬಗಳ ಈ ಉಕ್ಕಿನ ಹಡಗು 1905ರಲ್ಲಿ ತಯಾರಾದದ್ದು ಜರ್ಮನಿಯಲ್ಲೇ. ಆಗಿನ ಹೆಸರು ‘ಆಲ್ಬರ್ಟ್ ರಿಕ್ಮರ್ಸ್’. ಮುಂದೆ ಇದನ್ನು ಕೊಂಡವರು ಫಿನ್ಲೆಂಡಿನ ಓಲಂಡ್ ದ್ವೀಪಗಳ ಗುಸ್ತಾಫ್ ಎರಿಕ್ಸನ್. ಉಗಿಹಡಗುಗಳ ಕಾಲದಲ್ಲಿ ಹಾಯಿಹಡಗು ಕೊಳ್ಳುವುದು ಹುಚ್ಚುತನವೆಂದು ಕಂಡೀತು. ಆದರೆ ಅವರ ಲೆಕ್ಕ ಪಕ್ಕಾ ಇತ್ತು: ಗಾಳಿಗೆ ಕಾಸು ಕೊಡಬೇಕಿಲ್ಲ, ಗೋಧಿಗೆ ಅವಸರವಿಲ್ಲ. ಆಸ್ಟ್ರೇಲಿಯಾದಿಂದ ಯೂರೋಪಿಗೆ ತಿಂಗಳುಗಟ್ಟಲೆ ಹಿಡಿದರೂ ಸಾಗಣೆ ಗಿಟ್ಟುತ್ತಿತ್ತು.

ಆ ಲೆಕ್ಕವನ್ನು ಕೆಡಿಸಿದ್ದು ಯುದ್ಧ. ಗಾಳಿ ಬಿದ್ದರೆ ಹಾಯಿಹಡಗು ನಿಂತಲ್ಲೇ ನಿಲ್ಲುತ್ತದೆ. ಬೆಂಗಾವಲಿನ ಹಡಗುಸಾಲಿಗೆ ಹೊಂದಿಕೊಂಡು ಸಾಗಲಾರದು. ಎತ್ತರದ ಹಾಯಿಗಳು ಬಲುದೂರಕ್ಕೆ ಕಾಣುತ್ತವೆ. ಫಿನ್ಲೆಂಡ್ ಆಗ ಜರ್ಮನಿಯ ಶತ್ರುವಲ್ಲ. ಆದರೆ ಬ್ರಿಟನ್ ಸುತ್ತಲ ಕಡಲನ್ನು ಜರ್ಮನಿ 1940ರ ಆಗಸ್ಟ್‌ನಲ್ಲೇ ದಿಗ್ಬಂಧನ ವಲಯವೆಂದು ಸಾರಿತ್ತು. ಪೆನಾಂಗ್ ಧಾನ್ಯ ಹೇರಿಕೊಂಡು ಬಂದದ್ದು ಅದೇ ಕಡಲಿಗೆ.

ಎರಿಕ್ಸನ್ ಕಳೆದುಕೊಂಡದ್ದು ಇದೊಂದನ್ನೇ ಅಲ್ಲ. ‘ಆಲಿವ್‌ಬ್ಯಾಂಕ್’ 1939ರಲ್ಲಿ ಉತ್ತರ ಸಮುದ್ರದ ಮೈನ್‌ಗೆ ಸಿಕ್ಕಿತು. ‘ಕಿಲ್ಲೊರನ್’ ಅನ್ನು 1940ರಲ್ಲಿ ಜರ್ಮನ್ ದಾಳಿಹಡಗು ‘ವಿಡ್ಡರ್’ ಮುಳುಗಿಸಿತು. ಅವರ ‘ಪೊಮ್ಮೆರ್ನ್’ ಉಳಿದು, ಇಂದು ಓಲಂಡಿನ ಮರಿಯಾಹಾಮ್ನ್‌ನಲ್ಲಿ ವಸ್ತುಸಂಗ್ರಹಾಲಯವಾಗಿದೆ.