ಒಂದು ರೂಪಾಯಿಯ ಸೀಟು: ವಿಮಾನದ ದರ ನಿಗದಿಯಲ್ಲಿ ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚ

2003ರ ಆಗಸ್ಟ್‌ನಲ್ಲಿ ಹಾರಾಟ ಶುರುಮಾಡಿದ ಬೆಂಗಳೂರಿನ ಏರ್ ಡೆಕ್ಕನ್, ಒಂದು ರೂಪಾಯಿಗೆ ಟಿಕೆಟ್ ಮಾರುವ ಕಂಪನಿ ಎಂದು ಕೆಲವೇ ವರ್ಷಗಳಲ್ಲಿ ದೇಶದಲ್ಲೆಲ್ಲ ಹೆಸರಾಯಿತು. ತೆರಿಗೆ ಮತ್ತು ಶುಲ್ಕ ಬೇರೆ. ಆ ದರಕ್ಕೆ ಸಿಗುತ್ತಿದ್ದ ಸೀಟುಗಳೂ ಕೆಲವೇ. ಆದರೂ ಲೆಕ್ಕಪತ್ರ ಬಲ್ಲವರಿಗೆ ಇದು ಹುಚ್ಚಾಟವಾಗಿ ಕಂಡಿತು. ವಿಮಾನದ ಬಾಡಿಗೆ, ಪೈಲಟ್‌ಗಳ ಸಂಬಳ, ಇಂಧನ ಎಲ್ಲವನ್ನೂ ಸೀಟುಗಳಿಗೆ ಹಂಚಿದರೆ ಒಂದೊಂದು ಸೀಟಿಗೂ ಸಾವಿರಾರು ರೂಪಾಯಿ ಬೀಳುವಾಗ ರೂಪಾಯಿಗೆ ಮಾರುವುದೆಂದರೇನು? ಕಂಪನಿ ಕಟ್ಟಿದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಬಳಿ ಇದಕ್ಕೆ ಉತ್ತರವಿತ್ತು: ಖಾಲಿ ಹೋಗುವ ಸೀಟಿನಿಂದ ಆ ಒಂದು ರೂಪಾಯಿಯೂ ಬರುವುದಿಲ್ಲ.

ಎರಡು ಮಾತೂ ಸರಿಯೇ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ, ಅಷ್ಟೆ. ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚದ ನಡುವಿನ ಗೆರೆ ಪಠ್ಯಪುಸ್ತಕದಲ್ಲಿ ಕಾಣುವಷ್ಟು ಗಟ್ಟಿಯಲ್ಲ. ಏನನ್ನು ನಿರ್ಧರಿಸುತ್ತಿದ್ದೇವೆ ಎಂಬುದರ ಮೇಲೆ ಅದು ಸರಿದಾಡುತ್ತದೆ. ಹೊರಡಲು ಸಿದ್ಧವಾಗಿರುವ ವಿಮಾನದಲ್ಲಿ ಇನ್ನೊಬ್ಬ ಪ್ರಯಾಣಿಕ ಕುಳಿತರೆ ಹೆಚ್ಚುವ ಖರ್ಚು ಅತ್ಯಲ್ಪ. ಆ ಹಾರಾಟವನ್ನೇ ನಡೆಸಬೇಕೆ ಎಂದು ಯೋಚಿಸುವಾಗ ಇಂಧನವೂ ಇಳಿದಾಣದ ಶುಲ್ಕವೂ ಬದಲಾಗುವ ವೆಚ್ಚದ ಕಡೆಗೆ ಬರುತ್ತವೆ. ಐದು ವರ್ಷದ ಯೋಜನೆ ಹಾಕುವಾಗ ವಿಮಾನದ ಲೀಸ್ ಬಾಡಿಗೆಯನ್ನೂ ಸ್ಥಿರ ಎನ್ನಲಾಗದು. ಬೇಡವೆಂದರೆ ವಿಮಾನವನ್ನೇ ತರದಿರಬಹುದು.

ಏರ್ ಡೆಕ್ಕನ್ ಆರಂಭದಲ್ಲಿ ಬಳಸಿದ ಎಟಿಆರ್ ವಿಮಾನದಲ್ಲಿ 48 ಸೀಟುಗಳಿದ್ದವು. ತಿಳಿವಿಗಾಗಿ ಕಾಲ್ಪನಿಕ ಅಂಕಿಗಳನ್ನು ಇಟ್ಟು ನೋಡಬಹುದು. ಒಂದು ಹಾರಾಟಕ್ಕೆ ಇಂಧನ, ಶುಲ್ಕ ಇತ್ಯಾದಿ 60,000 ರೂಪಾಯಿ. ಬಾಡಿಗೆ, ಸಂಬಳ, ಕಚೇರಿ ಖರ್ಚಿನ ಪಾಲು ಇನ್ನೊಂದು 60,000. ಪ್ರತಿ ಪ್ರಯಾಣಿಕನಿಗೆ 100. 36 ಜನ 3,000 ರೂಪಾಯಿಯಂತೆ ಟಿಕೆಟ್ ಕೊಂಡಿದ್ದಾರೆ. ಬಂದದ್ದು 1,08,000, ಹೋದದ್ದು 1,23,600, ನಷ್ಟ 15,600. ನಷ್ಟವಿದೆಯೆಂದು ಹಾರಾಟ ರದ್ದುಮಾಡಿದರೆ ಬಾಡಿಗೆ, ಸಂಬಳ ನಿಲ್ಲುವುದಿಲ್ಲ. ನಷ್ಟ 60,000ಕ್ಕೆ ಏರುತ್ತದೆ. ಉಳಿದ 12 ಸೀಟುಗಳನ್ನು ಸಾವಿರಕ್ಕೆ ಮಾರಿದರೆ ನಷ್ಟ 4,800ಕ್ಕೆ ಇಳಿಯುತ್ತದೆ. 36 ಜನರಿದ್ದಾಗಿನ ಸರಾಸರಿ ವೆಚ್ಚದ ಮೂರನೇ ಒಂದು ಭಾಗವೂ ಇಲ್ಲದ ದರಕ್ಕೆ ಮಾರಿಯೂ ನಷ್ಟ ತಗ್ಗಿಸಿಕೊಂಡಂತಾಯಿತು.

ಇಲ್ಲಿಗೆ ಲೆಕ್ಕ ಮುಗಿದಿದ್ದರೆ ವಿಮಾನ ಕಂಪನಿಗಳು ಮುಳುಗುತ್ತಿರಲಿಲ್ಲ. ಮೂರು ಸಾವಿರ ಕೊಡುತ್ತಿದ್ದ 36 ಜನರಲ್ಲಿ 18 ಮಂದಿ, ಕಾದರೆ ಸಾವಿರಕ್ಕೇ ಸಿಗುತ್ತದೆ ಎಂದು ಕಲಿತುಬಿಟ್ಟರು ಎನ್ನೋಣ. ಆಗ ವಿಮಾನ ಪೂರ್ತಿ ತುಂಬಿಯೂ ನಷ್ಟ 40,800. ರಿಯಾಯಿತಿಯನ್ನೇ ಕೊಡದಿದ್ದಾಗಿನ ನಷ್ಟಕ್ಕಿಂತ ಇದು ಎರಡೂವರೆ ಪಟ್ಟಿಗೂ ಹೆಚ್ಚು. ಅಗ್ಗದ ಸೀಟಿನ ನಿಜವಾದ ಖರ್ಚು ನೀರಿನ ಬಾಟಲಿಯೂ ಅಲ್ಲ, ಇಂಧನವೂ ಅಲ್ಲ. ಕೈತಪ್ಪಿದ ದುಬಾರಿ ಟಿಕೆಟ್.

ಈ ಸಂಕಟವನ್ನು ಮೊದಲು ಬಿಡಿಸಿ ಹೇಳಿದವರು ರೈಲಿನ ಕಾಲದವರು. ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ 1849ರಲ್ಲಿ ಮೂರನೇ ದರ್ಜೆಯ ಚಾವಣಿಯಿಲ್ಲದ ಬೋಗಿಗಳನ್ನು ಕುರಿತು ಬರೆದ ಟಿಪ್ಪಣಿ ಇಂದಿಗೂ ಚುಚ್ಚುವಂತಿದೆ. ಚಾವಣಿ ಹಾಕಲು ಕಂಪನಿಗೆ ದೊಡ್ಡ ಖರ್ಚೇನಿಲ್ಲ; ಎರಡನೇ ದರ್ಜೆಗೆ ಹಣ ಕೊಡಬಲ್ಲವರು ಕೆಳಗಿಳಿಯದಂತೆ ಹೆದರಿಸಲು ಬಡವರನ್ನು ಬಿಸಿಲು ಮಳೆಗೆ ಒಡ್ಡಲಾಗಿದೆ ಎಂಬುದು ಅವನ ಆಕ್ಷೇಪದ ಸಾರ. ಇಂದಿನ ಅಗ್ಗದ ಟಿಕೆಟ್‌ಗೆ ಅಂಟಿರುವ ‘ಹಣ ವಾಪಸಿಲ್ಲ’, ‘ದಿನಾಂಕ ಬದಲಿಲ್ಲ’ ಎಂಬ ಷರತ್ತುಗಳು ಅದೇ ವಂಶದವು.

1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್, ಅಗ್ಗದ ಟಿಕೆಟ್ ಎಷ್ಟು ಮಾರಬೇಕೆಂಬುದನ್ನು ಒಂದು ಸೂತ್ರಕ್ಕೆ ಇಳಿಸಿದರು. ಅದೇ ಸೀಟಿಗೆ ಮುಂದೆ ದುಬಾರಿ ಗಿರಾಕಿಯಿಂದ ಬರಬಹುದಾದ ನಿರೀಕ್ಷಿತ ಹಣಕ್ಕಿಂತ ಹೆಚ್ಚು ಸಿಗುವವರೆಗೆ ಮಾತ್ರ ಅಗ್ಗದ ಟಿಕೆಟ್ ಮಾರಬೇಕು. ಈ ಸೂತ್ರದಲ್ಲಿ ವಿಮಾನದ ಬಾಡಿಗೆಗೆ ಜಾಗವೇ ಇಲ್ಲ ಎಂಬುದು ಗಮನಾರ್ಹ. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮುಖ್ಯಸ್ಥ ರಾಬರ್ಟ್ ಕ್ರಾಂಡಲ್, ಮುಂಚಿತವಾಗಿ ಕೊಳ್ಳುವವರಿಗೆ ಮಾತ್ರ ಭಾರೀ ರಿಯಾಯಿತಿ ಕೊಟ್ಟು ಉಳಿದ ಸೀಟುಗಳನ್ನು ಪೂರ್ಣ ದರಕ್ಕೆ ಕಾಯ್ದಿರಿಸಿದರು. ಎಲ್ಲರಿಗೂ ಅಗ್ಗ ಎನ್ನುತ್ತಿದ್ದ ಪೀಪಲ್ ಎಕ್ಸ್‌ಪ್ರೆಸ್ ಕಂಪನಿಯ ಹೆಸರು 1987ರ ಹೊತ್ತಿಗೆ ಆಕಾಶದಿಂದ ಅಳಿಸಿಹೋಯಿತು.

ಹಾಗಾದರೆ ಸ್ಥಿರ ವೆಚ್ಚಕ್ಕೆ ದರದಲ್ಲಿ ಪಾತ್ರವೇ ಇಲ್ಲವೆ? ಉದ್ಯಮಿಗಳು ಹಾಗೆನ್ನುವುದಿಲ್ಲ. 1939ರಲ್ಲಿ ಆಕ್ಸ್‌ಫರ್ಡ್‌ನ ಹಾಲ್ ಮತ್ತು ಹಿಚ್ 38 ಉದ್ಯಮಿಗಳನ್ನು ವಿಚಾರಿಸಿದಾಗ, ಬಹುತೇಕರು ಪೂರ್ಣ ವೆಚ್ಚದ ಮೇಲೆ ಲಾಭದ ಅಂಶ ಸೇರಿಸಿ ಬೆಲೆ ಇಡುತ್ತೇವೆ ಎಂದಿದ್ದರು. ಅರ್ಥಶಾಸ್ತ್ರಜ್ಞರು ಇದನ್ನು ಅಜ್ಞಾನವೆಂದು ಬಹುಕಾಲ ಮೂಗು ಮುರಿದರು. ಅದು ಅವಸರದ ತೀರ್ಪು. ಸ್ಥಿರ ವೆಚ್ಚ ಇಂದಿನ ಟಿಕೆಟ್‌ನ ದರವನ್ನು ನೇರವಾಗಿ ಮುಟ್ಟುವುದಿಲ್ಲ, ನಿಜ. ಎಷ್ಟು ಸೀಟುಗಳು ಮಾರುಕಟ್ಟೆಗೆ ಬರಬೇಕು ಎಂಬುದನ್ನು ಅದು ಮೊದಲೇ ನಿರ್ಧರಿಸಿರುತ್ತದೆ; ದರ ಹುಟ್ಟುವುದು ಆ ಸೀಟುಗಳ ಸಂಖ್ಯೆಯಿಂದ. ಈ ಅರ್ಥದಲ್ಲಿ ಟಿಕೆಟ್‌ನ ಬೆಲೆಯ ದೊಡ್ಡ ಪಾಲು ವಿಮಾನಕ್ಕೆ ಆರ್ಡರ್ ಕೊಟ್ಟ ದಿನವೇ ತೀರ್ಮಾನವಾಗಿರುತ್ತದೆ.

ಏರ್ ಡೆಕ್ಕನ್ ಮತ್ತು ಇಂಡಿಗೊ ಬೇರೆಯಾಗುವುದು ಇಲ್ಲೇ. ಏರ್ ಡೆಕ್ಕನ್ ಊಟದ ತಟ್ಟೆ ತೆಗೆಯಿತು, ಇಂಟರ್ನೆಟ್‌ನಲ್ಲಿ ಟಿಕೆಟ್ ಮಾರಿತು. ಬದಲಾಗುವ ಖರ್ಚನ್ನು ಜಾಣತನದಿಂದ ಕತ್ತರಿಸಿತು. ಆದರೆ ಸಣ್ಣ ಎಟಿಆರ್ ಮತ್ತು ದೊಡ್ಡ ಏರ್‌ಬಸ್, ಎರಡನ್ನೂ ಇಟ್ಟುಕೊಂಡು ಓಡುವಂತೆ ಬೆಳೆಯಿತು. ಎರಡು ಬಗೆಯ ವಿಮಾನವೆಂದರೆ ಎರಡು ಬಗೆಯ ಪೈಲಟ್‌ಗಳು, ಎರಡು ಬಗೆಯ ಬಿಡಿಭಾಗಗಳ ದಾಸ್ತಾನು. 2006ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ ಇಂಡಿಗೊ, ಅದಕ್ಕೂ ಒಂದು ವರ್ಷ ಮುಂಚೆಯೇ ಒಂದೇ ಬಗೆಯ 100 ಏರ್‌ಬಸ್ ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ಸಗಟಿನಲ್ಲಿ ಕೊಂಡು, ಲೀಸ್ ಕಂಪನಿಗಳಿಗೆ ಮಾರಿ, ಮರಳಿ ಬಾಡಿಗೆಗೆ ಪಡೆಯುವ ಅದರ ಪದ್ಧತಿ ಪ್ರತಿ ಸೀಟಿನ ಸ್ಥಿರ ವೆಚ್ಚವನ್ನು ತಗ್ಗಿಸಿತು. ಕೌಂಟರಿನಲ್ಲಿ ಇಬ್ಬರ ದರವೂ ಒಂದೇ ಇರಬಹುದು. ಆ ದರದಲ್ಲಿ ಎಷ್ಟು ಕಾಲ ಬದುಕಬಲ್ಲರು ಎಂಬುದು ಬೇರೆಬೇರೆ. ನಷ್ಟದಲ್ಲಿದ್ದ ಏರ್ ಡೆಕ್ಕನ್‌ನ ಶೇ. 26ರಷ್ಟು ಪಾಲನ್ನು 2007ರಲ್ಲಿ ಕಿಂಗ್‌ಫಿಶರ್ ವಿಮಾನ ಕಂಪನಿಯ ಒಡೆತನದ ಯುಬಿ ಗುಂಪು 550 ಕೋಟಿ ರೂಪಾಯಿಗೆ ಕೊಂಡಿತು. ಡೆಕ್ಕನ್ ಹೆಸರು ಕಿಂಗ್‌ಫಿಶರ್ ರೆಡ್ ಆಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಹಾರಾಟವೂ ನಿಂತಿತು.

ಭಾರತದಲ್ಲಿ ಇನ್ನೊಂದು ತೊಡಕಿದೆ. ವಿಮಾನ ಇಂಧನ ಜಿಎಸ್‌ಟಿಯ ಹೊರಗಿದ್ದು, ರಾಜ್ಯಗಳು ತಮತಮಗೆ ತೋಚಿದ ತೆರಿಗೆ ಹಾಕುತ್ತವೆ. ಕಂಪನಿಗಳ ಒಟ್ಟು ಖರ್ಚಿನಲ್ಲಿ ಇಂಧನದ್ದೇ ಸುಮಾರು ಐದರಲ್ಲಿ ಎರಡು ಪಾಲು. ಕಚ್ಚಾ ತೈಲ ಏರಿದಾಗ ಹಾರಾಟದ ಮಟ್ಟದ ವೆಚ್ಚ ಥಟ್ಟನೆ ಮೇಲೇರುತ್ತದೆ. ತುಂಬಿದ ವಿಮಾನವನ್ನೂ ನಿಲ್ಲಿಸುವುದೇ ವಾಸಿ ಎನ್ನುವ ಸ್ಥಿತಿ ಬರುತ್ತದೆ.

ಕೊರೊನಾ ಕಾಲ ಈ ವಾದಕ್ಕೆ ಪ್ರಯೋಗಶಾಲೆಯೇ ಆಯಿತು. ಎರಡು ತಿಂಗಳು ದೇಶದೊಳಗಿನ ಹಾರಾಟ ನಿಂತಾಗ ಇಂಧನದ ಖರ್ಚು ಉಳಿಯಿತು, ಬಾಡಿಗೆ ಉಳಿಯಲಿಲ್ಲ. 2020–21ರಲ್ಲಿ ಇಂಡಿಗೊ ನಷ್ಟ 5,806 ಕೋಟಿ ರೂಪಾಯಿ. 2020ರ ಮೇ ತಿಂಗಳಲ್ಲಿ ಹಾರಾಟ ಮತ್ತೆ ಶುರುವಾದಾಗ ಕೇಂದ್ರ ಸರ್ಕಾರ ಗರಿಷ್ಠ ದರದ ಜೊತೆಗೆ ಕನಿಷ್ಠ ದರವನ್ನೂ ಗೊತ್ತುಮಾಡಿತು: 40 ನಿಮಿಷದೊಳಗಿನ ಪ್ರಯಾಣಕ್ಕೆ 2,000 ರೂಪಾಯಿಗಿಂತ ಕಡಿಮೆ ಇಲ್ಲ, 6,000ಕ್ಕಿಂತ ಹೆಚ್ಚಿಲ್ಲ. ಗರಿಷ್ಠ ಮಿತಿ ಪ್ರಯಾಣಿಕರಿಗಾಗಿ ಎಂಬುದು ಸರಿ. ಕನಿಷ್ಠ ಮಿತಿ ಕಂಪನಿಗಳನ್ನು ಪರಸ್ಪರರಿಂದ ಕಾಪಾಡಲು. ಇನ್ನೊಂದು ಸೀಟು ತುಂಬಿದರೆ ಹೆಚ್ಚುವ ವೆಚ್ಚ, ಅಂದರೆ ಸೀಮಾಂತ ವೆಚ್ಚ, ಸೊನ್ನೆಗೆ ಹತ್ತಿರವಿರುವಾಗ, ಕಂತು ಕಟ್ಟಲೇಬೇಕಾದ ನಾಲ್ಕಾರು ಕಂಪನಿಗಳು ಇದ್ದಷ್ಟೇ ಪ್ರಯಾಣಿಕರಿಗಾಗಿ ದರವನ್ನು ಎಷ್ಟು ಬೇಕಾದರೂ ಇಳಿಸಬಲ್ಲವು. 2022ರ ಆಗಸ್ಟ್ 31ರಂದು ಈ ಮಿತಿಗಳನ್ನು ತೆಗೆಯಲಾಯಿತು.

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಉಡಾನ್ ಯೋಜನೆಯಲ್ಲಿ ಇದೇ ಲೆಕ್ಕ ತಿರುವುಮುರುವು. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂದು ನಿಗದಿತ ಸೀಟುಗಳ ದರ ಕಟ್ಟಿಹಾಕಿ, ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವುದೆಂದಾಯಿತು. ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ ಎಂದು ಮಹಾಲೇಖಪಾಲರ 2023ರ ವರದಿ ಹೇಳುತ್ತದೆ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ 2023ರ ಮಾರ್ಚ್‌ನಲ್ಲಿ ನಡೆಯುತ್ತಿದ್ದದ್ದು 54. ಟಿಕೆಟ್ ಅಗ್ಗವಿದ್ದೂ ಮಾರ್ಗಗಳು ಹೀಗೆ ಕೈಬಿಟ್ಟುಹೋಗಲು ಕಾರಣಗಳು ಹಲವು. ಅವುಗಳಲ್ಲಿ ಒಂದು ಸ್ಪಷ್ಟ: ನೆರವನ್ನು ಸೀಟಿನ ಲೆಕ್ಕದಲ್ಲಿ ಕೊಡಲಾಯಿತು, ಕಂಪನಿ ಖರ್ಚುಮಾಡುವುದು ವಿಮಾನದ ಲೆಕ್ಕದಲ್ಲಿ. ಸಣ್ಣ ಕಂಪನಿಗೆ ಇರುವ ಒಂದೆರಡು ವಿಮಾನಗಳಲ್ಲಿ ಒಂದು ಕೆಟ್ಟು ನಿಂತರೆ ಸೀಟಿನ ನೆರವು ಅಂದೇ ನಿಲ್ಲುತ್ತದೆ, ಬಾಡಿಗೆಯ ಬಿಲ್ಲು ತಿಂಗಳ ಕೊನೆಗೆ ತಪ್ಪದೆ ಬರುತ್ತದೆ.